ಲೋಳೆಪೊರೆ ಅಂದರೆ ಎಣ್ಣೆ ಬಳಿದ ಪದರ ಅಲ್ಲ

"ಮೀನೆಣ್ಣಿ ಗುಳಿಗಿ ತಗೋರಿ, ಹೊಟ್ಟಿಯೊಳಗ ಲೋಳೆಪೊರೆ ಕಟ್ಟತೈತಿ, ಅಲ್ಸರ್ ಆಗೂದಿಲ್ರಿ." ಹುಬ್ಬಳ್ಳಿಯ ಔಷಧ ಅಂಗಡಿಯೊಂದರಲ್ಲಿ ಮೊನ್ನೆ ಮತ್ತೆ ಈ ಮಾತು ಕೇಳಿದೆ. ಇದು ಮೂರನೇ ಸಲ. ಲೋಳೆಪೊರೆ ಅಂದರೆ ಹೊರಗಿನಿಂದ ಹೋಗಿ ಅಂಟುವ ಜಿಡ್ಡು ಅಂತ ತುಂಬ ಜನ ತಿಳಿದಿದ್ದಾರೆ. ಅದು ತಪ್ಪು.

ಪದವನ್ನೇ ಬಿಡಿಸಿ ನೋಡಿ. ಲೋಳೆಸರ ಸೀಳಿದರೆ ಒಳಗೆ ಕಾಣುವುದು ಲೋಳೆ. ಬೆಂಡೆಕಾಯಿ ಹೆಚ್ಚಿದರೆ ಕೈಗೆ ಹತ್ತುವುದೂ ಲೋಳೆ. ಎರಡರಲ್ಲೂ ಹೆಚ್ಚಿರುವುದು ನೀರು. ಎಣ್ಣೆಗೆ ನಾವು ಜಿಡ್ಡು ಅಂತೀವಿ, ಲೋಳೆ ಅನ್ನುವುದಿಲ್ಲ, ಅಲ್ವಾ? ಇನ್ನು ಪೊರೆ. ಹಾವು ಬಿಡುವ ಪೊರೆ, ಕಣ್ಣಿಗೆ ಬರುವ ಪೊರೆ ಗೊತ್ತೇ ಇದೆ: ತೆಳುವಾದ ಪದರ. ಕಾಪಾಡು ಎಂಬ ಅರ್ಥದ ಪೊರೆಯೂ ಉಂಟು. ಅದನ್ನು ಇಲ್ಲಿಗೆ ಎಳೆದು ತಂದು "ಕಾಪಾಡುವ ಲೋಳೆ" ಅನ್ನುವವರಿದ್ದಾರೆ. ಕೇಳಲು ಚೆಂದ, ಆದರೆ ಅದು ಕ್ರಿಯಾಪದ. ಇಲ್ಲಿರುವುದು ನಾಮಪದ. ಲೋಳೆ ಸುರಿಸುವ ಪದರ, ಅಷ್ಟೇ. ಬಾಯಿ, ಮೂಗಿನ ಒಳಗೂ ಇದೆ.

ಜಠರದ ಈ ಪೊರೆಗೆ ಜೀವ ಇದೆ. ಲೋಳೆಯನ್ನು ತಾನೇ ಸುರಿಸುತ್ತದೆ, ಜೊತೆಗೆ ಆಮ್ಲ ತಣಿಸುವ ಬೈಕಾರ್ಬನೇಟನ್ನೂ. ಇದಕ್ಕೆ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಒತ್ತಾಸೆ ಬೇಕು. ಮೊಣಕಾಲು ನೋವಿಗೆ ಸುಮ್ನೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಅದನ್ನೇ ತಗ್ಗಿಸುತ್ತವೆ. ಕಾವಲು ಸಡಿಲವಾಗಿ ಹುಣ್ಣಾಗುತ್ತದೆ. ಇನ್ನೊಂದು ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಸಾವಜಿ ಊಟ, ಮಿರ್ಚಿ ಭಜಿ ಹೊಟ್ಟೆ ಉರಿಸಬಹುದು. ಹುಣ್ಣಿನ ಮೂಲ ಅವಲ್ಲ.

ಮೀನೆಣ್ಣೆ ಜಠರದ ಗೋಡೆಗೆ ಬಳಿದುಕೊಳ್ಳುವುದಿಲ್ಲ. ಅದರ ಒಮೆಗಾ-3 ಕೊಬ್ಬು ಸಣ್ಣ ಕರುಳಿನಲ್ಲಿ ಅರಗಿ, ರಕ್ತದ ಮೂಲಕ ಕೋಶಗಳನ್ನು ಸೇರುತ್ತದೆ. ಕೆಲವು ಬಗೆಯ ಪ್ರೋಸ್ಟಾಗ್ಲಾಂಡಿನ್ ಅದರಿಂದಲೂ ತಯಾರಾಗುತ್ತವೆ. ಮೊದಲೇ ಮೀನೆಣ್ಣೆ ಕೊಟ್ಟ ಇಲಿಗಳಲ್ಲಿ ಹುಣ್ಣು ಕಡಿಮೆ ಆದದ್ದು ಪ್ರಯೋಗಗಳಲ್ಲಿ ಕಂಡಿದೆ. ಮಾತು ಹುಟ್ಟಿದ್ದು ಅಲ್ಲಿಂದ. ಮನುಷ್ಯರ ಅಲ್ಸರಿಗೆ ಅದು ಔಷಧ ಅಂತ ಸಾಬೀತಾಗಿಲ್ಲ. ಕೆಲವರಿಗೆ ಅದರಿಂದಲೇ ತೇಗು, ಎದೆಯುರಿ ಜಾಸ್ತಿ ಆಗುತ್ತದೆ.

ಮೀನೆಣ್ಣೆ ಇದೆಯಲ್ಲ ಎಂಬ ಧೈರ್ಯದಲ್ಲಿ ದಿನಾ ನೋವಿನ ಗುಳಿಗೆ ನುಂಗುವವರು ದಯವಿಟ್ಟು ವೈದ್ಯರನ್ನು ಕೇಳಿ. ಮಲ ಡಾಂಬರಿನಂತೆ ಕರ್ರಗೆ ಹೋದರೆ ಅವತ್ತೇ ಹೋಗಿ.