ಸಿಕ್ಕಿದ ಶಾಲು, ಸಿಗದ ಕೊಲೆಗಾರ

"ಜ್ಯಾಕ್ ದಿ ರಿಪ್ಪರ್ ಯಾರೆಂದು ಕೊನೆಗೂ ಗೊತ್ತಾಯಿತು, ಡಿಎನ್‌ಎ ಸಾಕ್ಷಿ ಸಿಕ್ಕಿತು" ಎಂಬ ಸುದ್ದಿ ಆಗಾಗ ವಾಟ್ಸಾಪಿನಲ್ಲಿ ಒಂದು ಸುತ್ತು ಹೊಡೆಯುತ್ತದೆ. ಕಾಸರಗೋಡಿನವರಿಗೆ ಇದರಲ್ಲಿ ಸ್ವಲ್ಪ ಜಾಸ್ತಿ ಪಾಲು. ಅದೇ ಸುದ್ದಿ ಬೆಳಗ್ಗೆ ಮಲಯಾಳದಲ್ಲಿ ಬರುತ್ತದೆ, ಮಧ್ಯಾಹ್ನ ಕನ್ನಡದಲ್ಲಿ, ರಾತ್ರಿಯ ಹೊತ್ತಿಗೆ ಯಾರೋ ತುಳುವಿನಲ್ಲಿ ಮಾತಾಡಿದ ವಾಯ್ಸ್ ಮೆಸೇಜಾಗಿ. ಮೂರರಲ್ಲೂ ಕೊಲೆಗಾರ ಒಬ್ಬನೇ: ಆರನ್ ಕೊಸ್ಮಿನ್‌ಸ್ಕಿ, ಪೋಲೆಂಡಿನಿಂದ ಲಂಡನ್ನಿಗೆ ಬಂದಿದ್ದ ಒಬ್ಬ ಕ್ಷೌರಿಕ.

ಕೇಸು ಮುಗಿದಿಲ್ಲ. ಯಾಕೆ ಮುಗಿದಿಲ್ಲ ಅನ್ನುವುದೇ ನನಗೆ ಕೊಲೆಗಾರನ ಹೆಸರಿಗಿಂತ ಕುತೂಹಲದ ವಿಷಯ.

1888ರ ಆಗಸ್ಟ್ 31ರಿಂದ ನವೆಂಬರ್ 9ರ ಒಳಗೆ ಲಂಡನ್ನಿನ ವೈಟ್‌ಚಾಪೆಲ್ ಮತ್ತು ಅದರ ಆಸುಪಾಸಿನಲ್ಲಿ ಐದು ಮಂದಿ ಬಡ ಹೆಂಗಸರ ಕೊಲೆಯಾಯಿತು. ಕೊಂದವನು ಒಬ್ಬನೇ ಎಂದು ಹೆಚ್ಚಿನವರ ನಂಬಿಕೆ. ಗುರುತು ಸಿಗದ ಅವನಿಗೇ ಜ್ಯಾಕ್ ದಿ ರಿಪ್ಪರ್ ಎಂಬ ಹೆಸರು. ಆಮೇಲೆ ಥಿಯರಿಗಳ ಸುರಿಮಳೆ. ರಾಜಮನೆತನದವನು, ಚಿತ್ರಕಲಾವಿದ, ವೈದ್ಯ, ವಕೀಲ, ಹೀಗೆ ಯಾರನ್ನೂ ಬಿಟ್ಟಿಲ್ಲ. 1894ರಲ್ಲಿ ಒಬ್ಬ ಹಿರಿಯ ಪೊಲೀಸ್ ಅಧಿಕಾರಿ ಬರೆದಿಟ್ಟ ಟಿಪ್ಪಣಿಯಲ್ಲಿ ಮೂರು ಹೆಸರುಗಳಿದ್ದವು: ಡ್ರೂಯಿಟ್, ಕೊಸ್ಮಿನ್‌ಸ್ಕಿ, ಆಸ್ಟ್ರಾಗ್. ಈ ಆಸ್ಟ್ರಾಗ್ ಆ ಹೊತ್ತಿಗೆ ಫ್ರಾನ್ಸಿನ ಜೈಲಿನಲ್ಲಿದ್ದ ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಪೊಲೀಸರ ಪಟ್ಟಿಯ ಕಥೆಯೇ ಹೀಗಾದರೆ ಉಳಿದವರ ಪಟ್ಟಿಯ ಬಗ್ಗೆ ಹೇಳುವುದೇ ಬೇಡ.

ಇನ್ನು ಆ ಡಿಎನ್‌ಎ ಸಿಕ್ಕಿತು ಎನ್ನುವ ಶಾಲಿನ ವಿಷಯ. ಸೆಪ್ಟೆಂಬರ್ 30ರಂದು ಕೊಲೆಯಾದ ಕ್ಯಾಥರೀನ್ ಎಡ್ಡೋಸ್ ಎಂಬಾಕೆಯ ಶವದ ಪಕ್ಕದಿಂದ ಒಬ್ಬ ಪೊಲೀಸಿನವನು ರೇಷ್ಮೆ ಶಾಲೊಂದನ್ನು ಮನೆಗೆ ಒಯ್ದ, ಅದು ತಲೆಮಾರುಗಳಿಂದ ಆ ಮನೆಯಲ್ಲೇ ಉಳಿಯಿತು ಎಂದು ಒಂದು ಮಾತಿದೆ. 2007ರಲ್ಲಿ ಅದು ಹರಾಜಾಯಿತು. ಕೊಂಡವರು ಅದರ ಕಲೆಗಳನ್ನು ಪರೀಕ್ಷೆಗೆ ಕೊಟ್ಟರು. 2014ರಲ್ಲಿ ಪುಸ್ತಕ ಬಂತು, 2019ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಲೇಖನವೂ ಬಂತು.

ಪರೀಕ್ಷೆ ಮಾಡಿದ್ದು ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ) ಡಿಎನ್‌ಎ. ಜೀವಕೋಶದ ನಡುವೆ ಇರುವ ಮುಖ್ಯ ಡಿಎನ್‌ಎಗೆ ಬರೀ ಎರಡು ಪ್ರತಿ, ಒಂದು ತಂದೆಯದು, ಇನ್ನೊಂದು ತಾಯಿಯದು. ಮೈಟೊಕಾಂಡ್ರಿಯದ್ದಾದರೆ ಒಂದೊಂದು ಕೋಶದಲ್ಲೂ ನೂರಾರು, ಕೆಲವೊಮ್ಮೆ ಸಾವಿರಾರು ಪ್ರತಿ. ಹಾಗಾಗಿ ಹಳೇ ಬಟ್ಟೆ, ಹಳೇ ಮೂಳೆಯಲ್ಲಿ ಮುಖ್ಯ ಡಿಎನ್‌ಎ ಹಾಳಾಗಿ ಹೋದರೂ ಇದು ಒಂದಿಷ್ಟು ಉಳಿದಿರುತ್ತದೆ. ಇದು ತಾಯಿಯಿಂದ ಮಾತ್ರ ಬರುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಳಿಯಸಂತಾನದ 'ಬಳಿ' (ತಾಯಿಯ ಕಡೆಯಿಂದ ಬರುವ ಕುಲ) ನಡೆಯುವ ದಾರಿಯೇ ಇದರದ್ದೂ. ಅಮ್ಮನ ಬಳಿ ಮಗನಿಗೂ ಇದೆ, ಮಗಳಿಗೂ ಇದೆ, ಆದರೆ ಮುಂದಕ್ಕೆ ಹೋಗುವುದು ಮಗಳಿಂದ ಮಾತ್ರ. ಮಗನದ್ದು ಅವನಲ್ಲಿಗೇ ನಿಂತಿತು. ಕೊಸ್ಮಿನ್‌ಸ್ಕಿಯ ಗುರುತು ಹಿಡಿಯೋಕೆ ಸಂಶೋಧಕರು ಅವನ ಅಕ್ಕನ ಹೆಣ್ಣುಮಕ್ಕಳ ಸಾಲು ಹಿಡಿದು ಇಂದಿನವರೆಗೆ ಬಂದದ್ದು ಅದಕ್ಕೇ. ಎಡ್ಡೋಸ್ ಕಡೆಯಿಂದಲೂ ಒಬ್ಬ ವಂಶಸ್ಥೆಯ ಮಾದರಿ ತೆಗೆದುಕೊಂಡರು. ಶಾಲಿನ ಕಲೆಗಳು ಎರಡೂ ಕಡೆಗೆ ಹೊಂದಿದವು ಎಂದರು.

ಇಲ್ಲೇ ಒಂದು ಎಡವಟ್ಟು. ಒಂದು ಬಳಿಯವರು ಊರು ತುಂಬ ಇರುತ್ತಾರೆ ಅಲ್ವಾ? ಮೈಟೊಕಾಂಡ್ರಿಯದ ಡಿಎನ್‌ಎ ಹೊಂದಿತು ಅಂದರೆ "ಈ ಸಾಲಿನವನಾಗಿರಬಹುದು" ಎಂದಷ್ಟೇ ಅರ್ಥ, "ಇವನೇ" ಎಂದಲ್ಲ. ಯಾರನ್ನಾದರೂ ಪಟ್ಟಿಯಿಂದ ಹೊರಗಿಡೋಕೆ ಇದು ತುಂಬಾ ಒಳ್ಳೆಯದು. ಒಬ್ಬನನ್ನೇ ಬೊಟ್ಟು ಮಾಡಿ ತೋರಿಸೋಕೆ ಸಾಲದು. ಹೊಂದಿಕೆಗೆ ತೂಕ ಬರಬೇಕಾದರೆ ಆ ಗುರುತು ಅಪರೂಪದ್ದಾಗಿರಬೇಕು.

ಅಪರೂಪದ್ದೇ ಎಂದು 2014ರಲ್ಲಿ ಹೇಳಿದ್ದರು. ಎಡ್ಡೋಸ್ ಕಡೆಯ ಒಂದು ಗುರುತಿಗೆ 314.1ಸಿ ಎಂದು ಹೆಸರು ಕೊಟ್ಟು, 2,90,000 ಜನರಲ್ಲಿ ಒಬ್ಬರಿಗೆ ಮಾತ್ರ ಇದು ಇರುತ್ತದೆ ಎಂದರು. ಬೇರೆ ತಜ್ಞರು ನೋಡಿ ತಲೆ ಚಚ್ಚಿಕೊಂಡರು. ಡಿಎನ್‌ಎ ಅಕ್ಷರಗಳಿಗೆ ನಂಬರು ಕೊಡುವ ಕ್ರಮದ ಪ್ರಕಾರ ಅದನ್ನು 315.1ಸಿ ಎಂದು ಬರೆಯಬೇಕಿತ್ತು. ಹಾಗೆ ಬರೆದು ಹುಡುಕಿದರೆ, ಯುರೋಪ್ ಮೂಲದವರಲ್ಲಿ 99 ಶೇಕಡಾಕ್ಕೂ ಹೆಚ್ಚು ಮಂದಿಗೆ ಅದು ಇದೆ! ಒಂದು ನಂಬರು ಆಚೀಚೆ ಆದದ್ದಕ್ಕೆ ಲಕ್ಷಕ್ಕೊಬ್ಬರು ಸಿಗದ ಗುರುತು ಬೀದಿಯಲ್ಲಿ ಹೋಗುವವರೆಲ್ಲರ ಗುರುತಾಯಿತು. ಈ ತಪ್ಪು ತೋರಿಸಿದವರಲ್ಲಿ ಸರ್ ಅಲೆಕ್ ಜೆಫ್ರೀಸ್ ಕೂಡ ಇದ್ದರು. ಡಿಎನ್‌ಎ ಬೆರಳಚ್ಚನ್ನು, ಅಂದರೆ ಡಿಎನ್‌ಎ ನೋಡಿ ಮನುಷ್ಯನ ಗುರುತು ಹಿಡಿಯುವ ವಿಧಾನವನ್ನು, 1984ರಲ್ಲಿ ಕಂಡುಹಿಡಿದವರೇ ಅವರು. 2019ರ ಲೇಖನದಲ್ಲಿ ಅಕ್ಷರಗಳ ಸಾಲನ್ನೇ ಕೊಡಲಿಲ್ಲ, ಬಣ್ಣದ ಚೌಕಗಳನ್ನು ಕೊಟ್ಟರು. ವಂಶಸ್ಥರ ಖಾಸಗಿತನ ಕಾಪಾಡೋಕೆ ಎಂದು ಕಾರಣ. ಇರಲಿ, ಆದರೆ ಬೇರೆಯವರು ಪರೀಕ್ಷಿಸಿ ನೋಡಲಾಗದ ಸಾಕ್ಷಿಯನ್ನು ಸುಮ್ನೆ ನಂಬಿ ಅಂದರೆ ಹೇಗೆ?

ಮುಟ್ಟಿದವರ ಲೆಕ್ಕ ಬೇರೆ ಇದೆ. ಶಾಲು ನೂರಕ್ಕೂ ಹೆಚ್ಚು ವರ್ಷ ಕೈಯಿಂದ ಕೈಗೆ ಹೋಗಿದೆ. ಎಡ್ಡೋಸ್ ವಂಶದವರೂ ಅದರ ಹತ್ತಿರ ಹೋಗಿದ್ದರು ಎಂಬ ಆಕ್ಷೇಪವಿದೆ. ಹಾಗಿದ್ದರೆ ಸಿಕ್ಕಿದ್ದು 1888ರದ್ದೋ ಮೊನ್ನೆಯದ್ದೋ? ಡಿಎನ್‌ಎ ಮೇಲೆ ತಾರೀಕು ಬರೆದಿರುವುದಿಲ್ಲ. ಜರ್ಮನಿಯ ಪೊಲೀಸರು ಇದಕ್ಕೆ ದುಬಾರಿ ಬೆಲೆ ತೆತ್ತಿದ್ದಾರೆ. 2007ರಲ್ಲಿ ಹೈಲ್‌ಬ್ರಾನ್ ಊರಿನಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆಯಾದಾಗ ಸಿಕ್ಕಿದ ಡಿಎನ್‌ಎ, ಜರ್ಮನಿ, ಆಸ್ಟ್ರಿಯಾ, ಫ್ರಾನ್ಸಿನ ಹತ್ತಾರು ಅಪರಾಧದ ಜಾಗಗಳಲ್ಲಿ ಸಿಕ್ಕಿದ ಒಬ್ಬಳೇ ಹೆಂಗಸಿನದ್ದಾಗಿತ್ತು. ಅವಳಿಗಾಗಿ 3 ಲಕ್ಷ ಯೂರೋ ಬಹುಮಾನ ಇಟ್ಟರು. 2009ರಲ್ಲಿ ತಿಳಿಯಿತು: ಅದು ಮಾದರಿ ಒರೆಸಿ ತೆಗೆಯುವ ಹತ್ತಿಕಡ್ಡಿಗಳನ್ನು ತಯಾರಿಸುವಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನದ್ದು. ಕಡ್ಡಿಗಳನ್ನು ರೋಗಾಣು ಇಲ್ಲದಂತೆ ಶುದ್ಧ ಮಾಡಿದ್ದರು. ಅದರಿಂದ ರೋಗಾಣು ಸಾಯುತ್ತದೆ, ಡಿಎನ್‌ಎ ಅಲ್ಲೇ ಇರುತ್ತದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಡಿಎನ್‌ಎ ಎಂದರೆ ಬುರುಡೆ ಎಂದುಕೊಳ್ಳಬೇಡಿ. ಜೆಫ್ರೀಸ್ ವಿಧಾನವನ್ನು ಕೊಲೆ ತನಿಖೆಯಲ್ಲಿ ಮೊದಲು ಬಳಸಿದಾಗ, ಅದು ಮೊದಲು ಮಾಡಿದ ಕೆಲಸ ತಪ್ಪೊಪ್ಪಿಕೊಂಡಿದ್ದ ಒಬ್ಬ ಹುಡುಗನನ್ನು ಬಿಡಿಸಿದ್ದು. ಅವನು ಕೊಂದಿರಲಿಲ್ಲ. ಆಮೇಲೆ ಸುತ್ತಲಿನ ಊರುಗಳ 5,000ಕ್ಕೂ ಹೆಚ್ಚು ಗಂಡಸರ ಮಾದರಿ ತೆಗೆದು, ನಿಜವಾದ ಕೊಲೆಗಾರನಿಗೆ 1988ರಲ್ಲಿ ಶಿಕ್ಷೆಯಾಯಿತು. ನಮ್ಮ ದೇಶದ ಕೋರ್ಟಿನಲ್ಲಿ ಡಿಎನ್‌ಎ ಬೆರಳಚ್ಚಿನ ಮೊದಲ ಕೇಸು ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ದೆಹಲಿಯಲ್ಲೂ ಅಲ್ಲ. ಕಾಸರಗೋಡಿನಿಂದ ರೈಲು ಹತ್ತಿ ಕಣ್ಣೂರು ದಾಟಿದರೆ ಸಿಗುವ ತಲಶ್ಶೇರಿಯಲ್ಲಿ. ಮಗುವಿನ ತಂದೆ ಯಾರು ಎಂಬ ವ್ಯಾಜ್ಯ ಅದು. ಪರೀಕ್ಷೆ ನಡೆದದ್ದು ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಸಂಶೋಧನಾ ಕೇಂದ್ರದಲ್ಲಿ, ಲಾಲ್‌ಜಿ ಸಿಂಗ್ ಅವರ ತಂಡದಿಂದ. ಅವರು ಮನುಷ್ಯರ ಗುರುತು ಹಿಡಿಯೋಕೆ ಬಳಸಿದ್ದು ಕಟ್ಟುಹಾವಿನ ಜಾತಿಗೆ ಸೇರಿದ ಒಂದು ಪಟ್ಟೆಹಾವಿನಲ್ಲಿ ಸಿಕ್ಕಿದ ಡಿಎನ್‌ಎ ತುಣುಕು. ನಂಬೋಕೆ ಕಷ್ಟ, ಆದರೆ ನಿಜ.

ತಲಶ್ಶೇರಿಯಲ್ಲಿ ತಾಯಿ, ಮಗು, ತಂದೆ ಎನ್ನಲಾದವನು ಮೂವರೂ ಜೀವಂತ ಇದ್ದರು, ಬೇಕಾದಷ್ಟು ರಕ್ತ ಸಿಗುತ್ತಿತ್ತು. ಹಳೇ ಕೊಲೆಗಳಲ್ಲಿ ಆ ಭಾಗ್ಯ ಇಲ್ಲ. ಅಲ್ಲಿ ಇರುವುದು ಯಾರೋ ಯಾವತ್ತೋ ಎತ್ತಿಟ್ಟ ವಸ್ತು. ನಮ್ಮ ಊರಿನ ಮಳೆಗಾಲ ಯೋಚಿಸಿ. ಆಟಿ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥಾ ದಿನ ರಕ್ತ ಅಂಟಿದ ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ಪಸೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎಯನ್ನು ಚೂರುಚೂರು ಮಾಡುತ್ತವೆ. ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಬೇಕು. ಹೂತ ಮೂಳೆಯೂ ನಮ್ಮ ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಬೇಗ ಕರಗುತ್ತದೆ. ಹಲ್ಲು ಮಾತ್ರ ಸ್ವಲ್ಪ ಗಟ್ಟಿ. ಎತ್ತಿದ್ದು ಯಾರು, ಇಟ್ಟದ್ದು ಎಲ್ಲಿ, ಬಿಚ್ಚಿದ್ದು ಯಾವಾಗ ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ ಉಳಿದ ಡಿಎನ್‌ಎಗೂ ಕೋರ್ಟಿನಲ್ಲಿ ಬೆಲೆಯಿಲ್ಲ.

ಲಂಡನ್ ಪೊಲೀಸರು ಬರೆಯುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ಎಡ್ಡೋಸ್ ಮೈಮೇಲಿದ್ದ ವಸ್ತುಗಳ ಪಟ್ಟಿ ಇವತ್ತಿಗೂ ಇದೆ: ಚಹಾಪುಡಿಯ ಒಂದು ತಗಡಿನ ಡಬ್ಬಿ, ಸಕ್ಕರೆಯ ಇನ್ನೊಂದು, ಎರಡು ಮಣ್ಣಿನ ಪೈಪು, ಸೋಪಿನ ಆರು ತುಂಡು, ಬಾಚಣಿಗೆ, ಚಮಚ, ಸೂಜಿ, ಪಿನ್ನು. ಮನೆ ಇಲ್ಲದವಳ ಇಡೀ ಸಂಸಾರ. ಸೋಪಿನ ತುಂಡನ್ನೂ ಎಣಿಸಿದ ಆ ಪಟ್ಟಿಯಲ್ಲಿ ರೇಷ್ಮೆ ಶಾಲು ಇಲ್ಲ. ಆದರೆ ಒಂದು ಬಿಳಿ ಏಪ್ರನ್ ಇದೆ, ಅದರಿಂದ ಒಂದು ತುಂಡು ಕತ್ತರಿಸಿ ಹೋಗಿತ್ತು. ಆ ತುಂಡು ಅದೇ ರಾತ್ರಿ ಮೂರು ಗಂಟೆಯ ಸುಮಾರಿಗೆ ಗೌಲ್‌ಸ್ಟನ್ ಬೀದಿಯಲ್ಲಿ ರಕ್ತದ ಕಲೆಗಳೊಂದಿಗೆ ಸಿಕ್ಕಿತು. ಕೊಲೆಗಾರನೇ ಒಯ್ದು ಬಿಸಾಡಿದ್ದು ಎಂದು ಗಟ್ಟಿಯಾಗಿ ಹೇಳಬಹುದಾದ ವಸ್ತು ಅದೊಂದೇ. ಅದನ್ನು ಯಾರೂ ಉಳಿಸಿಡಲಿಲ್ಲ.