ಸ್ಲೋ ಕುಕ್ಕರ್‌ನಲ್ಲಿ ಬೀಫ್ ರೋಸ್ಟ್: ಗಟ್ಟಿ ಇದ್ದರೆ ಇನ್ನಷ್ಟು ಹೊತ್ತು ಬಿಡಿ

ಸ್ಲೋ ಕುಕ್ಕರ್ ಅಂದರೆ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ಅದರಲ್ಲಿ ಬೀಫ್ ಮಾಡುವ ಹೊಸಬರು ಸಾಮಾನ್ಯವಾಗಿ ಎಡವುವುದು ಒಂದೇ ಜಾಗದಲ್ಲಿ. ಲೋ ಕಾವಿನಲ್ಲಿಟ್ಟು ಐದು ಗಂಟೆ ಆದ ಮೇಲೆ ಮುಚ್ಚಳ ತೆಗೆದು ಫೋರ್ಕ್ ಚುಚ್ಚಿ ನೋಡುತ್ತಾರೆ. ಮಾಂಸ ಬಿಗಿಯಾಗಿ, ಒಣಗಿದಂತೆ ಇರುತ್ತದೆ. "ಅಯ್ಯೋ, ಜಾಸ್ತಿ ಬೆಂದುಬಿಟ್ಟಿದೆ" ಅಂತ ಸ್ವಿಚ್ ಆರಿಸಿಬಿಡುತ್ತಾರೆ. ಆದರೆ ಆ ಮಾಂಸ ಇನ್ನೂ ಸರಿಯಾಗಿ ಬೆಂದೇ ಇರುವುದಿಲ್ಲ. ಇನ್ನೆರಡು ಮೂರು ಗಂಟೆ ಸುಮ್ನೆ ಬಿಟ್ಟಿದ್ದರೆ ಅದೇ ತುಂಡು ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಯಾಕೆ ಹೀಗೆ ಅನ್ನೋದು ಗೊತ್ತಾದರೆ ಉಳಿದದ್ದು ಸುಲಭ. ಅದಕ್ಕೇ ಇಲ್ಲಿ ಹೆಚ್ಚು ಜಾಗ ಆ ಒಂದು ವಿಷಯಕ್ಕೇ ಕೊಟ್ಟಿದ್ದೇನೆ.

ಮೊದಲು ಯಾವ ಅಡುಗೆ ಅನ್ನೋದು ಸ್ಪಷ್ಟವಾಗಲಿ. ಇಂಗ್ಲೆಂಡಿನ ಭಾನುವಾರದ ಊಟದ ರೋಸ್ಟ್ ಬೀಫ್ ಓವನ್ನಿನ ಒಣ ಕಾವಿನಲ್ಲಿ ಆಗುವಂಥದ್ದು. ಹೊರಗೆ ಕಂದು, ಒಳಗೆ ನಸುಗೆಂಪು. ತೆಳ್ಳಗೆ ಕೊಯ್ದು ಬಡಿಸುತ್ತಾರೆ. ಸ್ಲೋ ಕುಕ್ಕರ್‌ನಿಂದ ಅದನ್ನು ನಿರೀಕ್ಷಿಸಬೇಡಿ. ಮುಚ್ಚಿದ ಪಾತ್ರೆ, ಒಳಗೆಲ್ಲ ಹಬೆ. ಅಲ್ಲಿ ಆಗುವುದು ಅಮೆರಿಕದ ಮನೆಗಳ ಪಾಟ್ ರೋಸ್ಟ್. ದೊಡ್ಡ ತುಂಡು ಮಾಂಸ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಒಂದಿಷ್ಟು ಗ್ರೇವಿ.

ಈ ಯಂತ್ರ ಹುಟ್ಟಿದ್ದೂ ಅಮೆರಿಕದಲ್ಲೇ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಲಿಥುವೇನಿಯಾದ ಯಹೂದಿಗಳು ಮಾಡುವ ಚೋಲೆಂಟ್ ಎಂಬ ಅಡುಗೆಯ ಬಗ್ಗೆ ಅವರ ತಾಯಿ ಹೇಳುತ್ತಿದ್ದರಂತೆ. ಶುಕ್ರವಾರ ಸಂಜೆ ಪಾತ್ರೆಯನ್ನು ಬೇಕರಿಯ ಒಲೆಯೊಳಗೆ ಇಟ್ಟರೆ, ಉಳಿದ ಕಾವಿನಲ್ಲೇ ರಾತ್ರಿಯಿಡೀ ಬೇಯುತ್ತಿತ್ತು. 1971ರಲ್ಲಿ ರೈವಲ್ ಕಂಪನಿ ಅದೇ ಯಂತ್ರವನ್ನು ಸುಧಾರಿಸಿ ಕ್ರಾಕ್-ಪಾಟ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು.

ಯಾವ ತುಂಡು ತರಬೇಕು

ಚಕ್ ರೋಸ್ಟ್ ಕೇಳಿ. ಅದು ಭುಜ ಮತ್ತು ಕತ್ತಿನ ಕಡೆಯ ಮಾಂಸ. ನಡೆಯುವಾಗ, ಮೇಯುವಾಗ ಸದಾ ದುಡಿಯುವ ಸ್ನಾಯು ಅದು, ಹಾಗಾಗಿ ನಾರಿನಂಥ ಪೊರೆ ಜಾಸ್ತಿ. ನಡುನಡುವೆ ಕೊಬ್ಬೂ ಇರುತ್ತದೆ. ಎದೆಯ ಭಾಗದ ಬ್ರಿಸ್ಕೆಟ್ ಕೂಡ ಚೆನ್ನಾಗಿ ಆಗುತ್ತದೆ. ಹಿಂಗಾಲಿನ ತೊಡೆಯ ರೌಂಡ್ ನೋಡಲು ಅಂದವಾಗಿರುತ್ತದೆ, ಕೊಬ್ಬೇ ಇಲ್ಲದ ಒಳ್ಳೆ ಮಾಂಸ ಅನ್ನಿಸುತ್ತದೆ. ಆದರೆ ಇಲ್ಲಿ ಅದು ಒಣಗುತ್ತದೆ. ಇನ್ನು ದುಬಾರಿ ಟೆಂಡರ್‌ಲಾಯಿನ್ ತಂದು ಇದರಲ್ಲಿ ಹಾಕಿದರೆ ದುಡ್ಡು ದಂಡ.

ಒಳಗೆ ಏನಾಗುತ್ತದೆ

ಇದನ್ನು ನಿಧಾನವಾಗಿ ಓದಿ. ಮಾಂಸದ ಎಳೆಗಳನ್ನು ಕಟ್ಟಿ ಹಿಡಿದಿರುವ ಪೊರೆಯಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಮಾಂಸದ ಒಳಗಿನ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಈ ಪೊರೆ ಕುಗ್ಗತೊಡಗುತ್ತದೆ. ಕುಗ್ಗುವಾಗ ಎಳೆಗಳನ್ನು ಹಿಂಡುತ್ತದೆ, ಒಳಗಿನ ನೀರು ಹೊರಗೆ ಬರುತ್ತದೆ. ಪಾತ್ರೆಯ ತಳದಲ್ಲಿ ನೀವು ಹಾಕದೇ ಇದ್ದ ರಸ ಕಾಣುತ್ತದಲ್ವಾ, ಅದು ಇದೇ. ಈ ಹಂತದಲ್ಲಿ ಫೋರ್ಕ್ ಚುಚ್ಚಿದರೆ ಮಾಂಸ ಗಟ್ಟಿ. ಇರಲೇಬೇಕು.

70 ಡಿಗ್ರಿಯ ಮೇಲೆ ಇನ್ನೊಂದು ಕೆಲಸ ಚುರುಕಾಗುತ್ತದೆ. ಅದೇ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪನ್ನು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಗಟ್ಟಿಯಾಗಿ ಅಲುಗಾಡುತ್ತದಲ್ಲ, ಅದಕ್ಕೂ ಜೆಲಟಿನ್ನೇ ಕಾರಣ. ಈ ಕೆಲಸಕ್ಕೆ ಬರೀ ಕಾವು ಸಾಲದು, ಹೊತ್ತೂ ಬೇಕು. ಒಳಗಿನ ಕಾವು 90ರಿಂದ 95 ಡಿಗ್ರಿಗೆ ಬಂದು ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಪೊರೆ ಬಹುತೇಕ ಕರಗಿರುತ್ತದೆ. ಹೊರಗೆ ಹೋದ ನೀರು ವಾಪಸ್ ಬರುವುದಿಲ್ಲ. ಆದರೆ ಜೆಲಟಿನ್ ಮತ್ತು ಕೊಬ್ಬು ಎಳೆಗಳಿಗೆ ಮೆತ್ತಿಕೊಳ್ಳುತ್ತವೆ, ಬಾಯಿಗೆ ರಸಭರಿತ ಅನ್ನಿಸುತ್ತದೆ. ರೌಂಡ್‌ನಲ್ಲಿ ನೀರು ಇಷ್ಟೇ ಹೋಗುತ್ತದೆ, ಬದಲಿಗೆ ಬರಬೇಕಾದ ಕೊಬ್ಬು, ಜೆಲಟಿನ್ ಎರಡೂ ಕಡಿಮೆ.

ಥರ್ಮಾಮೀಟರ್ ಇದ್ದವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಬೀಫ್‌ನ ಇಡೀ ತುಂಡಿಗೆ 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡುವು ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅದು ತಿನ್ನಲು ಸುರಕ್ಷಿತವೇ ಅನ್ನುವ ಲೆಕ್ಕ. ಮೆತ್ತಗಾಗುವ ಲೆಕ್ಕ ಬೇರೆ. ಫೋರ್ಕ್ ಚುಚ್ಚಿ ಒಂದು ಸುತ್ತು ತಿರುಗಿಸಿ. ತಡೆಯಿಲ್ಲದೆ ತಿರುಗಿ ಎಳೆ ಬಿಟ್ಟುಕೊಂಡರೆ ಆಯಿತು. ಇಲ್ಲವಾದರೆ ಮುಚ್ಚಿ, ಇನ್ನೊಂದು ಗಂಟೆ.

ಕರ್ನಾಟಕದಲ್ಲಿ ಇರುವವರಿಗೆ ಒಂದು ಮಾತು. 2020ರ ಕಾಯ್ದೆಯಂತೆ ಇಲ್ಲಿ ವಧೆಗೆ ಅವಕಾಶ ಇರುವುದು 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ. ಪ್ರಾಣಿಗೆ ವಯಸ್ಸಾದಷ್ಟೂ ಕೊಲಾಜೆನ್ ಬಿಗಿಯಾಗಿ ಹೆಣೆದುಕೊಳ್ಳುತ್ತದೆ, ಕರಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಮೆರಿಕದ ಪಾಕವಿಧಾನದ ಗಂಟೆಗಳನ್ನು ಹಾಗೇ ನಂಬಬೇಡಿ.

ಮಾಡುವ ಕ್ರಮ

ಒಂದೂವರೆ ಕೆಜಿ ಚಕ್ ತುಂಡಿನ ಮೇಲ್ಮೈಯನ್ನು ಒತ್ತಿ ಒರೆಸಿ ಒಣಗಿಸಿ. ಮೇಲ್ಮೈಯನ್ನು ಒತ್ತಿ ಒರೆಸಿ ಒಣಗಿಸಿ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಸ್ವಲ್ಪ ಎಣ್ಣೆ ಹಾಕಿ, ಎಲ್ಲ ಮಗ್ಗುಲೂ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಇದರಿಂದ ರಸ ಒಳಗೇ ಉಳಿಯುತ್ತದೆ ಅನ್ನೋದು ಹಳೆಯ ನಂಬಿಕೆ, ನಿಜವಲ್ಲ. ಹುರಿಯುವುದು ರುಚಿಗೆ. ಕಂದು ಬಣ್ಣ, ಆ ಘಮ ಬರಲು ಮೇಲ್ಮೈ ಕಾವು ಸುಮಾರು 140 ಡಿಗ್ರಿ ದಾಟಬೇಕು. ಸ್ಲೋ ಕುಕ್ಕರ್ ನೀರು ಕುದಿಯುವ ಕಾವಿನ ಹತ್ತಿರವೇ ನಿಲ್ಲುತ್ತದೆ, ಆ ಕೆಲಸ ಅದರಿಂದ ಆಗದು. ಬಾಣಲೆಯ ತಳಕ್ಕೆ ಹಿಡಿದದ್ದನ್ನು ಅರ್ಧ ಕಪ್ ನೀರು ಹಾಕಿ ಕೆರೆದು ಪಾತ್ರೆಗೆ ಸುರಿಯಿರಿ. ಅದನ್ನು ಬಿಟ್ಟರೆ ರುಚಿಯನ್ನೇ ಬಿಟ್ಟಂತೆ.

ಗಡ್ಡೆ ತರಕಾರಿ ತಳದಲ್ಲಿ, ಮಾಂಸ ಮೇಲೆ. ಇಷ್ಟು ಕಾವಿನಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೇಯಲು ತುಂಬಾ ಹೊತ್ತು ಬೇಕು, ಕಾವು ಹತ್ತಿರ ಇರುವುದು ತಳ ಮತ್ತು ಪಕ್ಕದಲ್ಲಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. ನೀರೋ ಸಾರವೋ ಒಟ್ಟು ಒಂದು ಕಪ್ ಸಾಕು. ಮುಚ್ಚಿದ ಪಾತ್ರೆಯಲ್ಲಿ ಏನೂ ಇಂಗುವುದಿಲ್ಲ, ಮಾಂಸವೂ ರಸ ಬಿಡುತ್ತದೆ.

ಲೋ ಇಟ್ಟರೆ ಸುಮಾರು 8ರಿಂದ 10 ಗಂಟೆ, ಹೈ ಇಟ್ಟರೆ 5ರಿಂದ 6. ಬಹಳಷ್ಟು ಯಂತ್ರಗಳಲ್ಲಿ ಎರಡೂ ಕೊನೆಗೆ ಮುಟ್ಟುವ ಕಾವು ಹತ್ತಿರಹತ್ತಿರ ಒಂದೇ. ಮುಟ್ಟುವ ವೇಗ ಬೇರೆ. ನನಗೆ ಲೋ ಇಷ್ಟ, ಮಾಂಸದ ಹೊರಭಾಗ ಮತ್ತು ನಡುಭಾಗ ಒಂದೇ ಹದಕ್ಕೆ ಬರುತ್ತವೆ. ಮುಚ್ಚಳ ಪದೇ ಪದೇ ತೆಗೆಯಬೇಡಿ. ಹಬೆ ಹೋದರೆ ಮತ್ತೆ ಕಾವೇರಲು ಇಪ್ಪತ್ತು ನಿಮಿಷದ ಮೇಲೇ ಹಿಡಿಯಬಹುದು.

ಬೆಂದ ಮೇಲೆ ಮಾಂಸ ತೆಗೆದಿಡಿ, ರಸದ ಮೇಲಿನ ಕೊಬ್ಬು ತೆಗೆಯಿರಿ. ಅಂಗಡಿಯ ಬಿಳಿ ಕಾರ್ನ್‌ಫ್ಲೋರ್, ಅಂದರೆ ಮೆಕ್ಕೆಜೋಳದ ಪಿಷ್ಟವನ್ನು, ತಣ್ಣೀರಲ್ಲಿ ಕಲಸಿ ರಸಕ್ಕೆ ಹಾಕಿ ಒಲೆಯ ಮೇಲೆ ಕುದಿಸಿದರೆ ಗ್ರೇವಿ.

ಪ್ರೆಶರ್ ಕುಕ್ಕರ್‌ನಲ್ಲಿ ಆಗದೇ ಅಂದರೆ, ಆಗುತ್ತದೆ. ಒಳಗಿನ ಕಾವು 120 ಡಿಗ್ರಿಯ ಹತ್ತಿರ ಹೋಗುವುದರಿಂದ ಕೊಲಾಜೆನ್ ಬೇಗ ಕರಗುತ್ತದೆ. ಸುಮಾರು ಒಂದು ಗಂಟೆ ಸಾಕು, ಆದರೆ ಹದ ಮೀರುವುದೂ ಅಷ್ಟೇ ಬೇಗ. ಬೀಫ್ ತಿನ್ನದವರು ಕುರಿಯ ಭುಜದ ತುಂಡಿಗೆ ಇದೇ ಕ್ರಮ ಹಿಡಿಯಬಹುದು.

ಫ್ರೀಜರ್‌ನಿಂದ ತೆಗೆದ ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಹಾಕಲೇಬೇಡಿ. 4ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಆ ಮಾಂಸ ಅಲ್ಲೇ ಗಂಟೆಗಟ್ಟಲೆ ಉಳಿಯುತ್ತದೆ. ಕರೆಂಟ್ ಹೋಗುವ ಊರಿನವರೂ ಇದನ್ನು ನೆನಪಿಡಿ. ನೀವು ಮನೆಯಲ್ಲೇ ಇದ್ದರೆ ತಕ್ಷಣ ಗ್ಯಾಸ್ ಒಲೆಗೆ ಬದಲಾಯಿಸಿ ಬೇಯಿಸಿ ಮುಗಿಸಿ. ನೀವಿಲ್ಲದಾಗ ಕರೆಂಟ್ ಹೋಗಿ ಬಂದು, ಎಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ದರೆ, ನೋಡಲು ಬೆಂದಂತೆ ಕಂಡರೂ ಆ ಅಡುಗೆಯನ್ನು ಚೆಲ್ಲಿಬಿಡಿ.