ಬಾನ್ಯೊ ಕೇಳಿದರೆ ಪಾನ್ಯೊ ಬಂತು

ಸ್ಪೇನ್‌ನ ಅಲಿಕಾಂತೆಯಲ್ಲಿ ನನ್ನ ತಮ್ಮನ ಮನೆ ಇದೆ. ಅಲ್ಲಿ ಮೂರು ವಾರ ಇದ್ದೆ. ಪಕ್ಕದ ಮನೆಯಲ್ಲಿ ಇಂಗ್ಲೆಂಡಿನ ಲೀಡ್ಸ್ ಕಡೆಯ ಗಂಡ ಹೆಂಡತಿ. ಆತ ಊರಲ್ಲಿ ಬಸ್ ಓಡಿಸುತ್ತಿದ್ದವರು. ರಿಟೈರ್ ಆದ ಮೇಲೆ ಬಿಸಿಲು ಹುಡುಕಿಕೊಂಡು ಬಂದು ಒಂಬತ್ತು ವರ್ಷವಾಗಿತ್ತು. ಒಂದು ಬೆಳಗ್ಗೆ ನಮ್ಮನ್ನು ಕಾಫಿಗೆ ಕರೆದುಕೊಂಡು ಹೋದರು. ಕಾಫಿ ಮುಗಿಸಿದವರೇ ಕೌಂಟರಿನ ಹುಡುಗಿಯ ಕಡೆ ತಿರುಗಿ 'ಬಾನ್ಯೊ?' ಎಂದು ಕೇಳಿದರು. ಬಾನ್ಯೊ ಅಂದರೆ ಶೌಚಾಲಯ. ಅಂಗಡಿಯಲ್ಲಿ ಗಲಾಟೆ ಜಾಸ್ತಿ ಇತ್ತು. ಹುಡುಗಿ ನಗುತ್ತಾ ಒಂದು ಒದ್ದೆ ಬಟ್ಟೆ ತಂದಳು, ನಮ್ಮ ಟೇಬಲ್ ಒರೆಸಿ ಹೋದಳು. ಪಾನ್ಯೊ ಅಂದರೆ ಬಟ್ಟೆ.

ಆತನ ಮುಖ ಕೆಂಪಾಯಿತು. 'ಒಂಬತ್ತು ವರ್ಷ' ಎಂದಷ್ಟೇ ಹೇಳಿ ಸುಮ್ಮನಾದರು.

ಮನೆಗೆ ಬಂದು ಇದನ್ನು ಹೇಳಿದಾಗ ತಮ್ಮನ ಹೆಂಡತಿ, 'ಇಂಗ್ಲಿಷ್‌ನವರ ನಾಲಿಗೆ ದಪ್ಪ, ಬೇರೆ ಭಾಷೆ ಹೊರಳಲ್ಲ' ಅಂದಳು. ತಮ್ಮ, 'ಅದೆಲ್ಲ ಅಲ್ಲ, ಅವರಿಗೆ ಜಂಬ' ಅಂದ. ಈ ಎರಡು ಮಾತನ್ನೂ ನಾನು ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ. ಎರಡೂ ತಪ್ಪು. ಹುಡುಗಿ ಬಟ್ಟೆ ತಂದದ್ದಕ್ಕೆ ಕಾರಣ ನಾಲಿಗೆಯೂ ಅಲ್ಲ, ಜಂಬವೂ ಅಲ್ಲ. ಒಂದು ಸೆಕೆಂಡಿನ ಸಾವಿರದ ಒಂದು ಪಾಲು ಅಂತ ಇದೆಯಲ್ಲ, ಮಿಲಿಸೆಕೆಂಡು, ಅದರ ಲೆಕ್ಕದಲ್ಲಿ ಆದ ಎಡವಟ್ಟು ಇದು. ಇದನ್ನು ಮೊದಲ ಸಲ ಓದಿ ತಿಳಿದ ದಿನ ನನಗೆ ನಿದ್ದೆಯೇ ಬಂದಿರಲಿಲ್ಲ. ಅಷ್ಟು ಚೆಂದದ ವಿಷಯ.

ಮನೆಯ ನೀರಿನ ಮೋಟರನ್ನು ನೆನೆಸಿಕೊಳ್ಳಿ. ತುಟಿ ಅಂದರೆ ನಲ್ಲಿ. ಗಂಟಲಲ್ಲಿ ಅದುರುವ ಧ್ವನಿತಂತು ಅಂದರೆ ಮೋಟರ್. ನಲ್ಲಿ ಮುಚ್ಚಿರುವಾಗಲೇ ಮೋಟರ್ ಗುಂಯ್ ಅನ್ನಲು ಶುರುವಾಗಿ, ಆಮೇಲೆ ನಲ್ಲಿ ತೆಗೆದರೆ ಅದು ನಮ್ಮ 'ಬ'. ನಲ್ಲಿ ತೆಗೆದ ಗಳಿಗೆಗೇ ಮೋಟರೂ ಶುರುವಾದರೆ ಅದು ನಮ್ಮ 'ಪ'. ನಲ್ಲಿ ಮೊದಲು ತೆಗೆದು, ಬರೀ ಗಾಳಿ ಬುಸ್ಸೆಂದು ಹೋಗಿ, ಸ್ವಲ್ಪ ತಡವಾಗಿ ಮೋಟರ್ ಹತ್ತಿಕೊಂಡರೆ ಅದು ಮಹಾಪ್ರಾಣ. ತುಟಿ ಮೂರರಲ್ಲೂ ಮಾಡುವ ಕೆಲಸ ಒಂದೇ. ವ್ಯತ್ಯಾಸ ಇರುವುದು ಮೋಟರ್ ಯಾವಾಗ ಶುರುವಾಯಿತು ಎಂಬುದರಲ್ಲಿ.

ಯಕ್ಷಗಾನದ ತೆರೆ ಇನ್ನೊಂದು ಒಳ್ಳೆ ಹೋಲಿಕೆ. ತೆರೆ ಸರಿಯುವ ಮೊದಲೇ ಒಳಗಿಂದ ಗೆಜ್ಜೆ ಸದ್ದು ಕೇಳಿದರೆ 'ಬ'. ತೆರೆಯೂ ಗೆಜ್ಜೆಯೂ ಒಟ್ಟಿಗೇ ಬಂದರೆ 'ಪ'. ತೆರೆ ಸರಿದು, ರಂಗ ಒಂದು ಗಳಿಗೆ ಖಾಲಿ ಉಳಿದು, ಆಮೇಲೆ ಗೆಜ್ಜೆ ಬಂದರೆ ಮಹಾಪ್ರಾಣ.

ಇಂಗ್ಲಿಷ್‌ನವರು ಇಲ್ಲೇ ಬೇರೆಯಾಗುವುದು. ಪದದ ಮೊದಲಲ್ಲಿ ಅವರ 'ಪ' ಸಾಮಾನ್ಯವಾಗಿ ಗಾಳಿ ಬಿಟ್ಟುಕೊಂಡೇ ಬರುತ್ತದೆ. ಅವರ 'ಬ' ಬಹಳ ಸಲ ನಮ್ಮ 'ಪ' ಇರುವ ಜಾಗದಲ್ಲಿ ಕೂತಿರುತ್ತದೆ.

1964ರಲ್ಲಿ ಅಮೆರಿಕದ ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್ಸನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಲಿಸ್ಕರ್ ತೆಲುಗು ಬಲ್ಲವರು, ಆಡುಮಾತಿನ ತೆಲುಗಿಗೆ ಪಾಠಪುಸ್ತಕ ಬರೆದವರು. ಇಬ್ಬರೂ ಸೇರಿ 11 ಭಾಷೆಗಳ ಮಾತುಗಾರರನ್ನು ಕೂರಿಸಿ, ತುಟಿ ತೆರೆದ ಕ್ಷಣದಿಂದ ಗಂಟಲು ಅದುರುವ ಕ್ಷಣದವರೆಗಿನ ಹೊತ್ತು ಅಳೆದರು. ತಮಿಳು, ಹಿಂದಿ, ಮರಾಠಿಯೂ ಅದರಲ್ಲಿದ್ದವು. ಸ್ಪ್ಯಾನಿಷ್‌ಗೆ ಪೋರ್ಟೊರಿಕೊದವರು ಮಾತಾಡಿದ್ದರು. ಇಂಗ್ಲಿಷ್ 'ಪ'ಕ್ಕೆ ಸರಾಸರಿ 58 ಮಿಲಿಸೆಕೆಂಡು ಬಂತು, ಸ್ಪ್ಯಾನಿಷ್ 'ಪ'ಕ್ಕೆ ಬರೀ 4. ಈಗ ಮುಖ್ಯವಾದದ್ದು ನೋಡಿ. ಇಂಗ್ಲಿಷ್ 'ಬ'ಕ್ಕೆ ಬಂದದ್ದು 1. ಸ್ಪ್ಯಾನಿಷ್ 'ಬ'ದಲ್ಲಿ ಗಂಟಲು, ತುಟಿ ತೆರೆಯುವ 138 ಮಿಲಿಸೆಕೆಂಡು ಮೊದಲೇ ಅದುರಲು ಶುರುವಾಗಿತ್ತು.

ಇಂಗ್ಲಿಷ್ 'ಬ' 1, ಸ್ಪ್ಯಾನಿಷ್ 'ಪ' 4. ಎರಡೂ ಹೆಚ್ಚುಕಡಿಮೆ ಒಂದೇ ಸದ್ದು! ಲೀಡ್ಸ್‌ನವರು ತಮ್ಮ ಊರಿನ ಅಚ್ಚುಕಟ್ಟಾದ 'ಬ' ಹಾಕಿಯೇ ಬಾನ್ಯೊ ಎಂದಿದ್ದರು. ಹುಡುಗಿಯ ಕಿವಿಗೆ ಅಷ್ಟೇ ಅಚ್ಚುಕಟ್ಟಾದ 'ಪ' ಬಿತ್ತು. ಇಬ್ಬರದೂ ತಪ್ಪಿಲ್ಲ. ವಾಕ್ಯದ ನಡುವೆ ಬಂದಿದ್ದರೆ ಅಕ್ಕಪಕ್ಕದ ಪದಗಳು ಕಾಪಾಡುತ್ತಿದ್ದವು. ಒಂಟಿ ಪದಕ್ಕೆ ಯಾರ ಆಸರೆ?

ನೀವೇ ಪರೀಕ್ಷೆ ಮಾಡಿ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು 'ಪಾಪ' ಎನ್ನಿ. ಕೈಗೆ ಏನೂ ತಾಗುವುದಿಲ್ಲ ಅನ್ನುವಷ್ಟು ಕಡಿಮೆ ಗಾಳಿ. ಈಗ ಬಿಬಿಸಿ ವಾರ್ತೆಯಲ್ಲಿ ಕೇಳಿದ ಹಾಗೆ 'ಪಾರ್ಕ್' ಎನ್ನಿ. ಬಿಸಿ ಉಸಿರು ಅಂಗೈಗೆ ಬಡಿಯುತ್ತದೆ. ಅವರ 'ಟ'ದಲ್ಲೂ ಹೀಗೇ ಗಾಳಿ ಇದ್ದರೂ ನಾವು ಬರೆಯುವುದು ಟೈಮ್ ಎಂದೇ, ಠೈಮ್ ಎಂದಲ್ಲ. ಮಹಾಪ್ರಾಣಕ್ಕೆ ಬೇರೆ ಅಕ್ಷರವೇ ಇಟ್ಟುಕೊಂಡಿರುವ ನಮಗೂ ಅವರ ಉಸಿರು ಕೇಳಿಸಿಲ್ಲ ಅಲ್ವಾ? ಹಾಗಿರುವಾಗ ಅವರ ಕಿವಿಯನ್ನು ಬೈಯುವುದು ನ್ಯಾಯವಲ್ಲ.

ಕಿವಿ ಅಂದೆ. ಅಸಲಿ ವಿಷಯ ಅಲ್ಲೇ ಇರುವುದು. ಒಂದು ಉದ್ದನೆಯ ಜಮೀನು ಅಂದುಕೊಳ್ಳಿ. ಒಂದು ತುದಿಯಲ್ಲಿ ಗಂಟಲು ಬಹಳ ಮೊದಲೇ ಅದುರುವ ಸದ್ದು, ಇನ್ನೊಂದು ತುದಿಯಲ್ಲಿ ಬಹಳ ತಡವಾಗಿ ಅದುರುವ ಸದ್ದು. ನಡುವೆ ಎಲ್ಲೂ ಗೆರೆ ಇಲ್ಲ. ಪ್ರತಿ ಭಾಷೆಯೂ ತನಗೆ ಬೇಕಾದ ಕಡೆ ಬದು ಹಾಕಿಕೊಳ್ಳುತ್ತದೆ. ಇಂಗ್ಲಿಷ್‌ನವರ ಬದು ಸುಮಾರು 25 ಮಿಲಿಸೆಕೆಂಡಿನ ಹತ್ತಿರ. ಸ್ಪ್ಯಾನಿಷ್‌ನವರದು ಸೊನ್ನೆಗೆ ಇನ್ನೂ ಹತ್ತಿರ. ಹಿಂದಿಯವರು ಎರಡು ಬದು ಹಾಕಿ ಮೂರು ತುಂಡು ಮಾಡಿಕೊಂಡಿದ್ದಾರೆ. ಒಮ್ಮೆ ಬದು ಬಿದ್ದ ಮೇಲೆ ಒಂದೇ ತುಂಡಿನೊಳಗಿನ ಸದ್ದುಗಳೆಲ್ಲ ಮೆದುಳಿಗೆ ಒಂದೇ ಥರ.

ಈ ಬದು ಬೀಳುವ ವಯಸ್ಸು ಕೇಳಿದರೆ ಆಶ್ಚರ್ಯವಾಗುತ್ತದೆ. 1971ರಲ್ಲಿ ಪೀಟರ್ ಐಮಾಸ್ ಮತ್ತು ಜೊತೆಗಾರರು ಒಂದು ತಿಂಗಳ, ನಾಲ್ಕು ತಿಂಗಳ ಕೂಸುಗಳಿಗೆ ಚೀಪಲು ರಬ್ಬರ್ ನಿಪ್ಪಲ್ ಕೊಟ್ಟು 'ಬಾ', 'ಪಾ' ಕೇಳಿಸಿದರು. ಹೊಸ ಸದ್ದು ಬಂದರೆ ಕೂಸು ಜೋರಾಗಿ ಚೀಪುತ್ತದೆ. ಸದ್ದು 20ರಿಂದ 40 ಮಿಲಿಸೆಕೆಂಡಿಗೆ, ಅಂದರೆ ಇಂಗ್ಲಿಷ್ ಬದು ದಾಟಿ ಹೋದಾಗ ಕೂಸುಗಳಿಗೆ ವ್ಯತ್ಯಾಸ ಗೊತ್ತಾಯಿತು. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇನ್ನೂ ಮುಂದೆ ಹೋದರು. ಅವರು ಇಂಗ್ಲಿಷ್ ಮನೆಯ ಮಕ್ಕಳಿಗೆ ಕೇಳಿಸಿದ್ದು ಹಿಂದಿಯ 'ತ' ಮತ್ತು 'ಟ'. ನಮ್ಮಲ್ಲೂ ಇರುವ ಅದೇ ಜೋಡಿ. ಸದ್ದು ಬದಲಾದಾಗ ಮಗು ತಲೆ ತಿರುಗಿಸಿದರೆ ಪಕ್ಕದ ಡಬ್ಬಿಯೊಳಗೆ ದೀಪ ಹತ್ತಿ ಗೊಂಬೆ ಕುಣಿಯುತ್ತಿತ್ತು. ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹಾಗೆ ತಿರುಗುವವರು ತೀರಾ ಕಡಿಮೆ. ಮೊದಲ ಹುಟ್ಟುಹಬ್ಬಕ್ಕೆ ಮೊದಲೇ ಆ ಕಿವಿಗಳು 'ನಮ್ಮ ಮನೆಯಲ್ಲಿ ಇದು ಬೇಕಿಲ್ಲ' ಎಂದು ತೀರ್ಮಾನ ಮಾಡಿಬಿಟ್ಟಿದ್ದವು.

ನಾಲಿಗೆ ದಪ್ಪ ಅನ್ನುವ ಮಾತು ನನಗೆ ಸಿಟ್ಟು ತರಿಸುವುದು ಇದಕ್ಕೇ. ತಮ್ಮನ ಮಗುವಿಗೆ ಆಗ ಹನ್ನೊಂದು ತಿಂಗಳು. ಇನ್ನೂ ಮಾತು ಬಂದಿಲ್ಲ ಎಂದು ತಿಪಟೂರಿನಿಂದ ಅಜ್ಜಿ ಬಜೆಬೇರು ಕಳಿಸಿದ್ದರು. ತೇಯ್ದು ನೆಕ್ಕಿಸಿದರೆ ನಾಲಿಗೆ ತೆಳುವಾಗುತ್ತದೆಯಂತೆ. ನಾಲಿಗೆಯ ದಪ್ಪಕ್ಕೂ ಮಾತು ಬರುವುದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಸ್ತು ಇದೆ. ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಸಿತೆಂದು 1968ರಲ್ಲೇ ಅಮೆರಿಕ ಬಜೆಯನ್ನು ಆಹಾರದಲ್ಲಿ ಬಳಸಬಾರದು ಎಂದಿದೆ. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹನ್ನೊಂದು ತಿಂಗಳ ಮಗುವಿಗೆ ಬೇಕಾದದ್ದು ಬೇರಲ್ಲ, ಮಾತಾಡಿಸುವ ಜನ. ಕಿವಿಯಲ್ಲಿ ಬದು ಬೀಳುತ್ತಿರುವ ಹೊತ್ತು ಅದು. ಹಾಗೇ ನಮ್ಮ ಟಿವಿಯಲ್ಲಿ ಹಕಾರ ಅಕಾರ ಅದಲುಬದಲಾದವರನ್ನು ಗೇಲಿ ಮಾಡುತ್ತಾರಲ್ಲ, ಅದೂ ನಿಲ್ಲಬೇಕು. ಊರಿನ ಕಿವಿ ಕಲಿಸಿದ್ದನ್ನು ಬಾಯಿ ಆಡುತ್ತದೆ.

ಇನ್ನು ಜಂಬದ ಮಾತು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಬ್ರಿಟಿಷರು ಅತಿ ಹೆಚ್ಚು ನೆಲೆಸಿರುವುದು ಸ್ಪೇನ್‌ನಲ್ಲಿ, ಎರಡೂವರೆ ಲಕ್ಷಕ್ಕೂ ಜಾಸ್ತಿ. ಅಲಿಕಾಂತೆ ಸೀಮೆಯ ಬೆನಿದೋರ್ಮ್, ತೊರೆವಿಯೇಹಾ ಕಡೆ ಇಂಗ್ಲಿಷ್ ಒಂದರಲ್ಲೇ ದಿನ ಕಳೆಯಬಹುದು ನಿಜ. ಅಲ್ಲೇ ಆರಾಮಾಗಿ ಇರುವವರೂ ಇದ್ದಾರೆ. ಆದರೆ ಕಲಿಯಬೇಕು ಎಂದು ಒದ್ದಾಡುವವರನ್ನು ನಾನು ಕಣ್ಣಾರೆ ನೋಡಿದೆ. ಬ್ರೆಕ್ಸಿಟ್ ಆದ ಮೇಲೆ ಬೆರಳಚ್ಚು ಕೊಟ್ಟು ಗುರುತಿನ ಕಾರ್ಡ್ ಮಾಡಿಸಬೇಕು, ಊರ ಆಡಳಿತದ ಕಚೇರಿಯಲ್ಲಿ ಹೆಸರು ಬರೆಸಬೇಕು. ಎಲ್ಲದಕ್ಕೂ ಸ್ಪ್ಯಾನಿಷ್ ಬೇಕು. ಮಾರ್ಕೆಟ್‌ನಲ್ಲಿ ಕಷ್ಟಪಟ್ಟು ಒಂದು ವಾಕ್ಯ ಜೋಡಿಸಿ ಹೇಳಿದರೆ, ಉಚ್ಚಾರ ಕೇಳಿದ ಕೂಡಲೇ ಅಂಗಡಿಯವರು ಇಂಗ್ಲಿಷ್‌ಗೆ ತಿರುಗಿಬಿಡುತ್ತಾರೆ. ಅವರು ಸಹಾಯ ಅಂದುಕೊಂಡೇ ಹಾಗೆ ಮಾಡುವುದು. ಕಲಿಯುವವರಿಗೆ ಅದು ಎಷ್ಟು ನೋವು ಗೊತ್ತೇ? ಬೆಂಗಳೂರಲ್ಲಿ ಮುರುಕು ಕನ್ನಡ ಆಡಿದವರಿಗೆ ನಾವು ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಉತ್ತರ ಕೊಡುತ್ತೇವಲ್ಲ, ಅದೇ.

ಕಿವಿಯ ಆಟ ಇತಿಹಾಸದಲ್ಲೂ ಗುರುತು ಬಿಟ್ಟಿದೆ. ಸ್ಪೇನ್‌ನ ಹೆರೆಸ್ ಊರಿನ ದ್ರಾಕ್ಷಾರಸವನ್ನು ಇಂಗ್ಲಿಷ್ ವ್ಯಾಪಾರಿಗಳು ಶತಮಾನಗಳಿಂದ ಕೊಂಡೊಯ್ಯುತ್ತಿದ್ದಾರೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಆ ಊರಿನ ಹೆಸರು 'ಶ'ದಿಂದ ಶುರುವಾಗುತ್ತಿತ್ತು. ಇಂಗ್ಲಿಷ್‌ನವರು ಅದನ್ನು ಶೆರಿಸ್ ಎಂದರು. ಕೊನೆಯ 'ಸ' ಬಹುವಚನ ಇರಬೇಕೆಂದು ಕತ್ತರಿಸಿ ಶೆರಿ ಮಾಡಿಕೊಂಡರು. ಇತ್ತ ಸ್ಪೇನ್‌ನವರ ಬಾಯಲ್ಲಿ ಆ 'ಶ' ನಿಧಾನಕ್ಕೆ ಗಂಟಲಿಗೆ ಸರಿದು ಹೆರೆಸ್ ಆಯಿತು. ಸ್ಪೇನ್ ಮರೆತ ಉಚ್ಚಾರ ಇಂಗ್ಲಿಷ್‌ನವರ ಬಾಟಲಿಯ ಮೇಲೆ ಉಳಿದಿದೆ. ಸ್ಪೇನ್‌ನ ಮೆನೋರ್ಕಾ ದ್ವೀಪದ್ದು ತಿರುಗುಮುರುಗು ಕತೆ. 1708ರಿಂದ 1802ರ ನಡುವೆ ಬ್ರಿಟಿಷರು ಬಿಟ್ಟುಬಿಟ್ಟು ಮೂರು ಸಲ ಅದನ್ನು ಆಳಿದರು. ಗೋಡೆಯಿಂದ ಹೊರಗೆ ಉಬ್ಬಿದ ಕಿಟಕಿಗೆ ಇಂಗ್ಲಿಷ್‌ನಲ್ಲಿ ಬೋ ವಿಂಡೋ ಅನ್ನುತ್ತಾರೆ. ದ್ವೀಪದವರ ಕಿವಿಯಲ್ಲಿ ಅದು ಬೊಯಿಂದೆರ್ ಆಯಿತು. ಗ್ರೇವಿ ಅಲ್ಲಿ ಗ್ರೆವಿ. ಆಳಿದವರು ಹೋಗಿ ಇನ್ನೂರು ವರ್ಷ ದಾಟಿದೆ, ಕಿಟಕಿಯ ಹೆಸರು ಹಾಗೇ ಇದೆ.

ಬದು ಬಿದ್ದ ಮೇಲೆ ಮುಗಿಯಿತೇ? ಇಲ್ಲ. ಬದು ಕಲ್ಲಿನದಲ್ಲ, ಮಣ್ಣಿನದು. ಜೇಮ್ಸ್ ಫ್ಲೆಗೆ 1987ರಲ್ಲಿ, ಪ್ಯಾರಿಸ್‌ನಲ್ಲಿ ವರ್ಷಗಟ್ಟಲೆ ಇದ್ದ ಅಮೆರಿಕನ್ನರ ಇಂಗ್ಲಿಷ್ 'ಟ' ಅಳೆದರು. ಅವರು ತಾಯ್ನುಡಿ ಆಡುವಾಗಲೂ ಗಾಳಿ ಬಿಡುವ ಹೊತ್ತು ಕಡಿಮೆಯಾಗಿತ್ತು, ಫ್ರೆಂಚ್‌ನ ಕಡೆ ಜಾರಿತ್ತು. ಚಾರ್ಲ್ಸ್ ಚಾಂಗ್ 2012ರಲ್ಲಿ, ಕೊರಿಯಾಕ್ಕೆ ಬಂದು ಕೊರಿಯನ್ ಕಲಿಯುತ್ತಿದ್ದ ಅಮೆರಿಕನ್ನರ ಇಂಗ್ಲಿಷ್ ಬರೀ ಆರು ವಾರದಲ್ಲಿ ಅಲುಗಿದ್ದನ್ನು ತೋರಿಸಿದರು. ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗ ಅವರ ಹೆಂಡತಿ ಥಟ್ಟನೆ, 'ಅದಕ್ಕೇ ನಮ್ಮ ಮಗಳು ಫೋನಲ್ಲಿ, ಅಮ್ಮ ನೀನು ವಿದೇಶದವಳ ಥರ ಮಾತಾಡ್ತೀಯ ಅನ್ನೋದು' ಅಂದರು. ಅವರ ದನಿಯಲ್ಲಿ ಸ್ವಲ್ಪ ಬೇಸರವಿತ್ತು. ಇತ್ತ ಸ್ಪ್ಯಾನಿಷ್ ಪೂರ್ತಿ ಹತ್ತಲಿಲ್ಲ, ಅತ್ತ ಸ್ವಂತ ಮಾತೂ ಊರಿನವರಿಗೆ ಬೇರೆಯಾಯಿತು. ಪರದೇಶದಲ್ಲಿ ಬದುಕುವವರ ಈ ಪಾಡನ್ನು ಜಂಬ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಮೆರಿಕದ ಡೇವಿಡ್ ಪಿಸೋನಿಯವರ ತಂಡ ಜಪಾನಿನವರಿಗೆ ಇಂಗ್ಲಿಷ್‌ನ 'ರ' ಮತ್ತು 'ಲ' ಬೇರೆ ಮಾಡಲು ಕಲಿಸಿತು. ಹಲವರ ದನಿಯಲ್ಲಿ, ಹಲವು ಪದಗಳಲ್ಲಿ ಕೇಳಿಸಿದರು. ಸರಿಯೋ ತಪ್ಪೋ ಆಗಲೇ ಹೇಳಿದರು. ಹಾಗೆ ಕಿವಿ ಪಳಗಿದವರ ಬಾಯಿಯೂ ತಾನಾಗಿ ಸುಧಾರಿಸಿದೆ ಎಂದು 1997ರಲ್ಲಿ ಪ್ರಕಟವಾಯಿತು. ಅವರಿಗೆ ಉಚ್ಚಾರದ ಪಾಠ ಯಾರೂ ಮಾಡಿರಲಿಲ್ಲ.

ನಮ್ಮ ಬಳಿ ಅಂಥ ಏರ್ಪಾಡು ಇರಲಿಲ್ಲ. ತಮ್ಮನ ಸಹೋದ್ಯೋಗಿಗಳು ನಾಲ್ವರಿಂದ ಬಾನ್ಯೊ, ಪಾನ್ಯೊ, ಬೇಸೊ (ಮುತ್ತು), ಪೇಸೊ (ತೂಕ) ಎಂದು ಫೋನಲ್ಲಿ ರೆಕಾರ್ಡ್ ಮಾಡಿಸಿ ಕೊಟ್ಟೆವು. ಪಕ್ಕದ ಮನೆಯಾತ ದಿನಾ ಕಿವಿಗೆ ಹಾಕಿಕೊಂಡು ಕೇಳಿದರು. ಜೊತೆಗೆ ನಾನು ಮೋಟರಿನ ಉಪಾಯ ಹೇಳಿಕೊಟ್ಟೆ. ತುಟಿ ಮುಚ್ಚಿಕೊಂಡು 'ಮ್' ಎಂದು ಗುನುಗಿ, ಗುನುಗುತ್ತಲೇ ತುಟಿ ತೆರೆಯಿರಿ. ಗಂಟಲು ಮೊದಲು, ತುಟಿ ಆಮೇಲೆ. ಸಂಜೆ ಬಾಲ್ಕನಿಯಲ್ಲಿ ಆತ 'ಮ್ಬಾನ್ಯೊ, ಮ್ಬಾನ್ಯೊ' ಎನ್ನುತ್ತಿದ್ದರೆ, ಈ ಕಡೆ ತಮ್ಮನ ಮಗು ಕಂಬಿ ಹಿಡಿದು ನಿಂತು 'ಮ್ಬಾ' ಎನ್ನುತ್ತಿತ್ತು.

ನಾನು ಹೊರಡುವ ಹಿಂದಿನ ದಿನ ಮತ್ತೆ ಅದೇ ಅಂಗಡಿಗೆ ಹೋದೆವು. ಅದೇ ಹುಡುಗಿ, ಅದೇ ಗಲಾಟೆ. ಆತ ಕಪ್ಪು ಕೆಳಗಿಟ್ಟು, ತುಟಿ ಮುಚ್ಚಿ ಒಂದು ಗಳಿಗೆ ಗುನುಗಿ, ಕೇಳಿದರು. ಹುಡುಗಿ ಲೋಟ ತೊಳೆಯುತ್ತಿದ್ದವಳು ತಲೆ ಎತ್ತದೆ, ಸ್ಪ್ಯಾನಿಷ್‌ನಲ್ಲೇ ಹೇಳಿದಳು: 'ಅಲ್ ಫೊಂದೊ, ಅ ಲ ದೆರೇಚ.' ಕೊನೆಯಲ್ಲಿ, ಬಲಗಡೆಗೆ.